ದವಡೆ ತೆಗೆದವರ ಮಾತನ್ನು ಅಳೆಯುವ ಬಗೆ

ಕೃತಕ ಕಾಲಿನ ವಿಷಯ ಪುಣೆಯವರಿಗೆ ಹೊಸದಲ್ಲ. 1944ರಲ್ಲಿ ಗಾಯಾಳು ಸೈನಿಕರಿಗಾಗಿ ಇಲ್ಲಿ ಸ್ಥಾಪಿತವಾದ ಕೃತಕ ಅವಯವ ಕೇಂದ್ರದ ಹೆಸರನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕೇಳಿಯೇ ಇರುವರು. ಕಾಲು ಕಳೆದುಕೊಂಡವನಿಗೆ ಹೊಸ ಕಾಲನ್ನು ಕಟ್ಟಿದ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡುತ್ತಾರೆ. ಎಲ್ಲಿ ಕುಂಟುತ್ತದೆಂಬುದು ಕಣ್ಣಿಗೇ ಕಾಣುವುದರಿಂದ ಅಲ್ಲಿಯೇ ತಿದ್ದುತ್ತಾರೆ. ಕಾಲಿನಂತೆ ಬಾಯಿಯೊಳಗಿನ ಅಂಗುಳಕ್ಕೂ ಕೃತಕ ಅವಯವ ಉಂಟು. ಅದರ ನಡಿಗೆಯೆಂದರೆ ಮಾತು. ಈ ನಡಿಗೆ ಎಲ್ಲಿ ಕುಂಟುತ್ತಿದೆಯೆಂಬುದು ಹೊರಗೆ ಕಾಣುವುದಿಲ್ಲ. ಹಾಗಾದರೆ ಅದನ್ನು ಪರೀಕ್ಷಿಸುವುದು ಹೇಗೆ? ತಿದ್ದುವುದು ಹೇಗೆ? ಈ ಎರಡು ಪ್ರಶ್ನೆಗಳಿಗೆ ನಾವು ಓದಿ ಕೇಳಿ ತಿಳಿದುಕೊಂಡಷ್ಟನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ. ನಾವು ವೈದ್ಯರಲ್ಲ, ಗಿರಣಿಯ ಕಾರಕೂನರು. ಚಿಕಿತ್ಸೆಯ ಮಾತನ್ನು ವೈದ್ಯರಿಗೇ ಬಿಟ್ಟು, ಅಳತೆಯ ಮಾತನ್ನಷ್ಟೇ ಎತ್ತಿಕೊಂಡಿದ್ದೇವೆ.

ಈ ವಿಷಯ ಈಗೇಕೆಂದು ಕೆಲವರು ಕೇಳಬಹುದು. 2021ರಲ್ಲಿ ಕೊರೋನಾದ ಎರಡನೆಯ ಅಲೆಯ ಬೆನ್ನಿಗೆ ಮ್ಯೂಕರ್‌ಮೈಕೋಸಿಸ್ ಎಂಬ ಶಿಲೀಂಧ್ರ ರೋಗ ಬಂದಿತು. ಜನರು ಅದನ್ನು ಕಪ್ಪು ಶಿಲೀಂಧ್ರವೆಂದು ಕರೆದರು. ಸಕ್ಕರೆ ಕಾಯಿಲೆಯುಳ್ಳವರನ್ನೂ ಸ್ಟಿರಾಯ್ಡ್ ಔಷಧ ಪಡೆದವರನ್ನೂ ಅದು ಹೆಚ್ಚಾಗಿ ಹಿಡಿಯಿತು. ಆ ವರ್ಷದ ಜುಲೈ ಮಧ್ಯದ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಸಿಕ್ಕಿತ್ತು. ಅತಿ ಹೆಚ್ಚು ರೋಗಿಗಳಿದ್ದ ಪ್ರಾಂತಗಳಲ್ಲಿ ನಮ್ಮ ಮಹಾರಾಷ್ಟ್ರವೂ ಒಂದು. ಈ ಶಿಲೀಂಧ್ರವು ಮೂಗಿನೊಳಗಿಂದ ಹೊಕ್ಕು ಮೇಲಿನ ದವಡೆಯ ಎಲುಬನ್ನು ಕೊಳೆಸುತ್ತದೆ. ಜೀವ ಉಳಿಸಬೇಕಾದರೆ ಕೊಳೆತ ಎಲುಬನ್ನು ತೆಗೆಯದೆ ಗತ್ಯಂತರವಿಲ್ಲ. ಆಗ ದವಡೆ ಕಳೆದುಕೊಂಡವರು ನಮ್ಮ ಸುತ್ತಮುತ್ತಲೂ ಇದ್ದಾರೆ.

ಇನ್ನೊಂದು ಕಾರಣ ಹಳೆಯದು, ಬಾಯಿಯ ಕ್ಯಾನ್ಸರು. ಮಹಾರಾಷ್ಟ್ರದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ಗುಟಖಾ ಮಾರಾಟಕ್ಕೆ ನಿಷೇಧ ಬಂದಿತು. ಆದರೂ ತಂಬಾಕು, ಮಾವಾ, ಹಲ್ಲಿಗೆ ತಿಕ್ಕುವ ಮಿಶ್ರಿ ಇವುಗಳ ಚಟ ನಮ್ಮ ದುಡಿಯುವ ಜನರನ್ನು ಬಿಟ್ಟಿಲ್ಲ. ಭಾರತದ ಗಂಡಸರಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಬಾಯಿಯದು ಮುಂಚೂಣಿಯಲ್ಲಿದೆ. ಅದಕ್ಕೂ ಅನೇಕ ವೇಳೆ ದವಡೆಯ ಭಾಗವನ್ನು ಕತ್ತರಿಸಿ ತೆಗೆಯುವುದೇ ಉಪಾಯ.

ಬಾಯಿಯೆಂಬ ಕೊಳವೆ

ಮೊದಲು ಮಾತು ಹುಟ್ಟುವ ಬಗೆಯನ್ನು ನೋಡೋಣ. ಗಂಟಲಿನಲ್ಲಿ ಧ್ವನಿಪೆಟ್ಟಿಗೆಯಿದೆ. ಶ್ವಾಸಕೋಶದಿಂದ ಮೇಲೇರುವ ಗಾಳಿ ಅಲ್ಲಿರುವ ಎರಡು ತಂತುಗಳನ್ನು ನಡುಗಿಸುತ್ತದೆ. ಸಾಮಾನ್ಯ ಮಾತಿನಲ್ಲಿ ಗಂಡಸರ ತಂತುಗಳು ಸೆಕೆಂಡಿಗೆ ಸುಮಾರು 100ರಿಂದ 150 ಸಲ, ಹೆಂಗಸರವು 200ರ ಮೇಲೆ ನಡುಗುತ್ತವೆ. ಅಲ್ಲಿ ಹುಟ್ಟುವುದು ಬರಿಯ ಗುಂಯ್‌ಗುಡುವ ನಾದ. ಅದರಲ್ಲಿ ಅ ಇಲ್ಲ, ಈ ಇಲ್ಲ, ಕ ಇಲ್ಲ, ಪ ಇಲ್ಲ. ಆ ನಾದಕ್ಕೆ ಅಕ್ಷರದ ರೂಪ ಬರುವುದು ಮೇಲಿನ ಕೊಳವೆಯಲ್ಲಿ, ಎಂದರೆ ಗಂಟಲು, ಬಾಯಿ, ನಾಲಗೆ, ಹಲ್ಲು, ತುಟಿಗಳ ನಡುವೆ. ಹದಿಮೂರನೆಯ ಶತಮಾನದ ನಮ್ಮ ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದದ ಹುಟ್ಟನ್ನು ಹೇಳುವಾಗ ಕಹಳೆಯನ್ನು ಹೋಲಿಕೆಗೆ ತಂದಿದ್ದಾನೆ. ಊದುವ ಗಾಳಿ ಒಂದು, ಅದನ್ನು ರೂಪಿಸುವ ಕೊಳವೆ ಇನ್ನೊಂದು: ಇಂದಿನ ಧ್ವನಿಶಾಸ್ತ್ರವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಹೋಲಿಕೆ ನಮಗೆ ಬೇಕಿಲ್ಲ.

ಶಾಲೆಯಲ್ಲಿ ಭೌತಶಾಸ್ತ್ರ ಓದಿದವರಿಗೆ ಒಂದು ಪ್ರಯೋಗ ನೆನಪಿದ್ದೀತು. ನೀರು ತುಂಬಿದ ಗಾಜಿನ ನಳಿಗೆಯ ಬಾಯಿಯ ಮೇಲೆ ಶ್ರುತಿಕವಲನ್ನು ಹಿಡಿದು ನೀರನ್ನು ಇಳಿಸುತ್ತ ಹೋದರೆ ಒಂದು ಮಟ್ಟದಲ್ಲಿ ನಾದ ಒಮ್ಮೆಲೆ ಜೋರಾಗುತ್ತದೆ. ಇದೇ ಅನುರಣನ. ನಮ್ಮ ಬಾಯಿಗಂಟಲುಗಳ ಕೊಳವೆಯೂ ಹೀಗೆಯೇ. ಗಂಡಸರಲ್ಲಿ ಅದರ ಉದ್ದ ಸುಮಾರು 17 ಸೆಂಟಿಮೀಟರು. ಒಂದು ತುದಿ ಮುಚ್ಚಿದೆ, ತುಟಿಯ ಕಡೆ ತೆರೆದಿದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಓಡುವುದೆಂದು ಲೆಕ್ಕ ಹಿಡಿದರೆ, ಈ ಕೊಳವೆ 500, 1500, 2500 ಕಂಪನಗಳ ಸುತ್ತ ನಾದವನ್ನು ಎತ್ತಿ ಹಿಡಿಯುತ್ತದೆ. ಹೀಗೆ ಎತ್ತಿ ಹಿಡಿಯುವ ಮಟ್ಟಗಳಿಗೆ ಶಾಸ್ತ್ರಜ್ಞರು ಫಾರ್ಮೆಂಟ್ ಎನ್ನುತ್ತಾರೆ. ಸ್ವೀಡನ್ ದೇಶದ ಗುನ್ನಾರ್ ಫಾಂಟ್ ಎಂಬ ವಿದ್ವಾಂಸನು 1960ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಲೆಕ್ಕಕ್ಕೆ ಗಟ್ಟಿಯಾದ ತಳಹದಿ ದೊರೆಯಿತು.

ನಾಲಗೆ ಸರಿದಂತೆ ಈ ಮಟ್ಟಗಳೂ ಸರಿಯುತ್ತವೆ. 'ಆ' ಎನ್ನುವಾಗ ಮೊದಲನೆಯ ಮಟ್ಟ 700ರ ಸುಮಾರಿಗೆ ಏರಿ, ಎರಡನೆಯದು 1100ರ ಸುಮಾರಿಗೆ ಇಳಿಯುತ್ತದೆ. 'ಈ' ಎನ್ನುವಾಗ ಮೊದಲನೆಯದು 300ಕ್ಕೆ ಇಳಿದು ಎರಡನೆಯದು 2200ಕ್ಕೂ ಮೇಲೇರುತ್ತದೆ. 'ಊ' ಎನ್ನುವಾಗ ಎರಡೂ ತಗ್ಗಿನಲ್ಲಿರುತ್ತವೆ, ಸುಮಾರು 300 ಮತ್ತು 800. ಆ, ಈ, ಊ ಇವು ಬೇರೆ ಬೇರೆಯಾಗಿ ಕೇಳುವುದು ಈ ಅಂತರದ ಬಲದಿಂದ. ಮೂರನ್ನೂ ಕಾಗದದ ಮೇಲೆ ಗುರುತಿಸಿದರೆ ಒಂದು ತ್ರಿಕೋಣವಾಗುತ್ತದೆ. ತ್ರಿಕೋಣ ಅಗಲವಾಗಿದ್ದರೆ ಸ್ವರಗಳು ಸ್ಪಷ್ಟ. ಮುದುಡಿದರೆ ಒಂದರೊಳಗೊಂದು ಬೆರೆತು ಮಬ್ಬಾಗುತ್ತವೆ. ಮುಂದೆ ಹೇಳುವ ಅಳತೆಗಳಲ್ಲಿ ಇದೇ ಮೊದಲನೆಯದು.

ಅಂಗುಳ ಹೋದರೆ ಏನಾಗುತ್ತದೆ?

ಅಂಗುಳವೆಂಬುದು ಬಾಯಿಗೆ ಮಾಳಿಗೆ, ಮೂಗಿಗೆ ನೆಲ. ಮುಂದಿನ ಭಾಗ ಗಟ್ಟಿಯಾದ ಎಲುಬು. ಹಿಂದಿನದು ಮೆತ್ತಗಿದ್ದು ಅದರ ತುದಿಯಲ್ಲಿ ಕಿರುನಾಲಗೆ ತೂಗುತ್ತದೆ. ನಾವು ಬ, ದ, ಗ ಎನ್ನುವಾಗ ಈ ಮೆತ್ತನೆಯ ಭಾಗ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಮ, ನ, ಣ ಎನ್ನುವಾಗ ಕೆಳಗಿಳಿದು ದಾರಿ ಬಿಡುತ್ತದೆ. ಮೇಲಿನ ದವಡೆಯನ್ನು ತೆಗೆದರೆ ಮಾಳಿಗೆಯಲ್ಲಿ ಕಂಡಿ ಬಿದ್ದಂತಾಗಿ ಬಾಯಿಗೂ ಮೂಗಿಗೂ ಸದಾ ದಾರಿ ತೆರೆದೇ ಇರುತ್ತದೆ. ಕುಡಿದ ನೀರು ಮೂಗಿನಿಂದ ಬರುತ್ತದೆ. ಆಡಿದ ಮಾತೂ ಮೂಗಿನಿಂದ ಬರುತ್ತದೆ.

ಮಾತಿಗೆ ಯಾವ ಹಾನಿ ಆಗುವುದೆಂಬುದನ್ನು ನಮ್ಮ ವರ್ಣಮಾಲೆಯೇ ತೋರಿಸಿಕೊಡುತ್ತದೆ. ಸಣ್ಣ ಶಾಲೆಯಲ್ಲಿ ಬಾಯಿಪಾಠ ಮಾಡಿದ ಐದು ವರ್ಗಗಳನ್ನು ನೆನೆಯಿರಿ. ಪ್ರತಿಯೊಂದು ವರ್ಗದ ಮೂರನೆಯ ಅಕ್ಷರ ಗ, ಜ, ಡ, ದ, ಬ. ಐದನೆಯದು ಙ, ಞ, ಣ, ನ, ಮ. ಸಾಲಿನ ಈ ಎರಡು ಅಕ್ಷರಗಳು ಹುಟ್ಟುವ ಸ್ಥಾನ ಒಂದೇ. ಮೂಗಿನ ದಾರಿ ಮುಚ್ಚಿದರೆ ಮೂರನೆಯದು, ತೆರೆದರೆ ಐದನೆಯದು. ಅಂಗುಳದಲ್ಲಿ ಕಂಡಿ ಬಿದ್ದವರಿಗೆ ದಾರಿ ಮುಚ್ಚುವ ಉಪಾಯವೇ ಇಲ್ಲವಾದ್ದರಿಂದ ಮೂರನೆಯ ಅಕ್ಷರ ಐದನೆಯದರ ಕಡೆಗೆ ಜಾರುತ್ತದೆ. ಬರ ಹೋಗಿ ಮರವಾಗುತ್ತದೆ, ದಾರಿ ಹೋಗಿ ನಾರಿಯಾಗುತ್ತದೆ, ಕಾಡು ಹೋಗಿ ಕಾಣು ಆಗುತ್ತದೆ. ಭಾವನನ್ನು ಕರೆದರೆ ಮಾವ ಓಗೊಡುತ್ತಾನೆ. ಕೇಳುವವರಿಗೆ ನಗೆ ಬಂದೀತು. ಆಡುವವನಿಗೆ ಅದು ನಗೆಯ ಮಾತಲ್ಲ.

ಮೊದಲನೆಯ ಅಕ್ಷರಗಳಾದ ಕ, ಟ, ತ, ಪ ಇವುಗಳ ಪಾಡು ಬೇರೆ. ಇವುಗಳಿಗೆ ಬಾಯಿಯಲ್ಲಿ ಗಾಳಿಯನ್ನು ಒಂದು ಕ್ಷಣ ಒತ್ತಿ ಹಿಡಿದು ಸಿಡಿಸಬೇಕು. ತೂತು ಬಿದ್ದ ಟ್ಯೂಬಿನಲ್ಲಿ ಗಾಳಿ ನಿಲ್ಲದಂತೆ ಇಲ್ಲಿಯೂ ಒತ್ತಡ ನಿಲ್ಲದು, ಸಿಡಿತ ಸೊಪ್ಪಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಬಹಳ. ಕತೆ ಎನ್ನುವುದಕ್ಕಿಂತ ಕತ್ತೆ ಎನ್ನುವಾಗ ಗಾಳಿಯನ್ನು ಹೆಚ್ಚು ಹೊತ್ತು ಹಿಡಿಯಬೇಕು. ಅಷ್ಟರಲ್ಲಿ ಅದು ಮೂಗಿನಿಂದ ಸೋರಿಹೋಗಿರುತ್ತದೆ. ಸ, ಶ ಎಂಬ ಊಷ್ಮಗಳು ಹಲ್ಲಿನ ಹಿಂದೆ ಸಣ್ಣ ಸಂದಿಯಲ್ಲಿ ಗಾಳಿ ಹರಿದು ಹುಟ್ಟುವಂಥವು; ಹಲ್ಲೂ ಹೋಗಿ ಗಾಳಿಯೂ ಸೋರಿದರೆ ಅವು ಬರಿಯ ಉಸಿರಾಗುತ್ತವೆ. ಇಷ್ಟೆಲ್ಲ ಆದರೂ ಧ್ವನಿಪೆಟ್ಟಿಗೆಗೆ ಏನೂ ಆಗಿರುವುದಿಲ್ಲ. 'ಅವರ ದನಿ ಹೋಯಿತು' ಎಂದು ಮನೆಯವರು ಹೇಳುವುದು ತಪ್ಪು. ದನಿ ಇದ್ದಲ್ಲಿಯೇ ಇದೆ; ಹೋದದ್ದು ಅದನ್ನು ಅಕ್ಷರವಾಗಿಸುವ ಮಾಳಿಗೆ. ಮಾಳಿಗೆಯನ್ನು ಮತ್ತೆ ಹೊದಿಸಬಹುದು.

ಹೊದಿಸುವ ಉಪಾಯ

ಕಂಡಿಯನ್ನು ಮುಚ್ಚುವ ಈ ಪ್ಲೇಟಿಗೆ ವೈದ್ಯರು ಆಬ್ಚುರೇಟರ್ ಎಂದು ಹೆಸರಿಟ್ಟಿದ್ದಾರೆ. ಹದಿನಾರನೆಯ ಶತಮಾನದಲ್ಲಿಯೇ ಫ್ರಾನ್ಸಿನ ಸೇನಾ ಶಸ್ತ್ರವೈದ್ಯ ಆಂಬ್ರುವಾಸ್ ಪಾರೆ ಇಂಥದನ್ನು ವಿವರಿಸಿದ್ದನು: ಲೋಹದ ತೆಳು ತಗಡು, ಅದರ ಬೆನ್ನಿಗೊಂದು ಸ್ಪಂಜು. ಸ್ಪಂಜು ಒದ್ದೆಯಾಗಿ ಉಬ್ಬಿದರೆ ತಗಡು ಕಂಡಿಯಲ್ಲಿ ಕಚ್ಚಿ ನಿಲ್ಲುವುದು.

ಪ್ಲೇಟು ಸರಿಯಾಗಿ ಕುಳಿತರೆ ಏನಾಗುವುದೆಂಬುದಕ್ಕೆ ಅಮೆರಿಕದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡನ ಉದಾಹರಣೆಯಿದೆ. 1893ರ ಜುಲೈ 1ರಂದು ಒಂದು ವಿಹಾರನೌಕೆಯ ಮೇಲೆ ಗುಟ್ಟಾಗಿ ಅವನ ಎಡಮೇಲ್ದವಡೆಯ ಭಾಗವನ್ನು ತೆಗೆದರು. ನ್ಯೂಯಾರ್ಕಿನ ದಂತವೈದ್ಯನೊಬ್ಬನು ಗಟ್ಟಿ ರಬ್ಬರಿನ ಪ್ಲೇಟನ್ನು ಮಾಡಿಕೊಟ್ಟನು. ಅದನ್ನು ತೊಟ್ಟಾಗ ಅವನ ಮಾತು ಎಷ್ಟು ಸ್ಪಷ್ಟವಾಗಿತ್ತೆಂದರೆ, ಆಗಸ್ಟಿನಲ್ಲಿ ಒಬ್ಬ ಪತ್ರಕರ್ತನು ಗುಟ್ಟನ್ನು ಬಯಲಿಗೆಳೆದಾಗ ಜನ ನಂಬದೆ ಅವನನ್ನೇ ಸುಳ್ಳನೆಂದರು. ಶಸ್ತ್ರಕ್ರಿಯೆಯಲ್ಲಿ ಪಾಲ್ಗೊಂಡಿದ್ದ ಡಾಕ್ಟರ್ ಕೀನ್ 1917ರಲ್ಲಿ ಎಲ್ಲವನ್ನೂ ಪ್ರಕಟಿಸಿದ ಮೇಲೆಯೇ ನಿಜ ತಿಳಿದುದು.

ಪ್ಲೇಟು ಒಗ್ಗದಿದ್ದರೆ ಏನಾಗುವುದೆಂಬುದಕ್ಕೆ ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡನೇ ಸಾಕ್ಷಿ. 1923ರಲ್ಲಿ ಅವನಿಗೆ ಬಾಯಿಯ ಕ್ಯಾನ್ಸರಾಗಿ ಬಲಮೇಲ್ದವಡೆಯ ಬಹುಭಾಗವನ್ನು ತೆಗೆಯಬೇಕಾಯಿತು. ಮುಂದಿನ ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಶಸ್ತ್ರಕ್ರಿಯೆಗಳಾದವು. ಕಚ್ಚುವ, ಒತ್ತುವ ಆ ಪ್ಲೇಟನ್ನು ಅವನು ರಾಕ್ಷಸನೆಂದೇ ಕರೆಯುತ್ತಿದ್ದನು. 1938ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಬಿ.ಬಿ.ಸಿ.ಯವರು ಮುದ್ರಿಸಿಕೊಂಡ ಅವನ ಧ್ವನಿ ಇಂದಿಗೂ ಕೇಳಸಿಗುತ್ತದೆ. ಒಂದೊಂದು ಮಾತನ್ನೂ ಎಷ್ಟು ಕಷ್ಟದಿಂದ ಆಡುತ್ತಾನೆಂಬುದು ಕಿವಿಗೆ ಬೀಳುತ್ತದೆ. ಜಗತ್ತಿಗೆಲ್ಲ ಮಾತಿನಿಂದಲೇ ಚಿಕಿತ್ಸೆ ಹೇಳಿಕೊಟ್ಟವನಿಗೆ ಬಂದ ಕಷ್ಟವಿದು.

ಈಗಿನ ಪ್ಲೇಟುಗಳು ಹಗುರವಾದ ಅಕ್ರಿಲಿಕ್ಕಿನವು. ಕಂಡಿಯೊಳಗೆ ಹೋಗುವ ಉಬ್ಬನ್ನು ಭಾರವಾಗದಂತೆ ಒಳಗೆ ಟೊಳ್ಳು ಮಾಡುತ್ತಾರೆ. ಶಸ್ತ್ರಕ್ರಿಯೆಯ ಹೊತ್ತಿಗೆ ಒಂದು, ಗಾಯ ಮಾಯುವವರೆಗೆ ಇನ್ನೊಂದು, ಕೆಲವು ತಿಂಗಳ ತರುವಾಯ ಕಾಯಮ್ಮಾಗಿ ಮತ್ತೊಂದು, ಹೀಗೆ ಮೂರು ಹಂತ. ಕೊನೆಯದನ್ನು ಮಾಡುವಾಗ ಉಬ್ಬಿಗೆ ಮೆತ್ತನೆಯ ಮೇಣವನ್ನು ಹಚ್ಚಿ, ರೋಗಿಯಿಂದ ಮಾತನಾಡಿಸಿ, ನುಂಗಿಸಿ, ಕುತ್ತಿಗೆ ಹೊರಳಿಸಿ ಒಳಗಿನ ಆಕಾರವನ್ನು ಹಿಡಿಯುತ್ತಾರೆ. ನಾಲಗೆಯ ಭಾಗ ಹೋದವರಿಗೆ ಇದರ ತದ್ವಿರುದ್ಧ ಉಪಾಯ: ನಾಲಗೆ ಮೇಲೇರಲಾರದೆಂದು ಪ್ಲೇಟನ್ನೇ ದಪ್ಪಮಾಡಿ ಅಂಗುಳವನ್ನು ನಾಲಗೆಯ ಬಳಿಗೆ ಇಳಿಸುತ್ತಾರೆ.

ಕಿವಿಯೊಂದೇ ಏಕೆ ಸಾಲದು?

ಪ್ಲೇಟು ಹಾಕಿ 'ಒಂದು ಎರಡು ಮೂರು ಹೇಳಿ' ಎಂದು ಕೇಳಿ, 'ಚೆನ್ನಾಗಿದೆ' ಎಂದು ಕಳುಹಿಸಿದರೆ ಆಗದೇ? ಇಲ್ಲಿ ನಮ್ಮ ಕಸುಬಿನ ಒಂದು ಮಾತನ್ನು ಹೇಳುತ್ತೇವೆ. ಹತ್ತಿಯ ನೂಲಿಗೆ ನಂಬರು ಹಾಕುವ ಕ್ರಮವುಂಟು. 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೋ ಅದೇ ಆ ನೂಲಿನ ನಂಬರು. 40 ಲಡಿ ತೂಗಿದರೆ 40ನೆಯ ನಂಬರಿನ ನೂಲು. ಹಳೆಯ ಜಾಬರನು ಬೆರಳಲ್ಲಿ ಹೊಸೆದು ನೋಡಿ '40ರದು' ಎನ್ನುತ್ತಾನೆ, ಬಹುಶಃ ಸರಿಯಾಗಿಯೇ ಹೇಳುತ್ತಾನೆ. ಆದರೆ ವಹಿಯಲ್ಲಿ ಬರೆಯುವುದು ತಕ್ಕಡಿಯ ಅಂಕಿಯನ್ನು. ಏಕೆಂದರೆ ನೂಲನ್ನು ಕೊಳ್ಳುವವನು ಜಾಬರನಲ್ಲ. ನಿನ್ನೆಯ ನೂಲಿಗೂ ಇಂದಿನ ನೂಲಿಗೂ ಇರುವ ಸಣ್ಣ ಅಂತರವನ್ನು ಬೆರಳು ನೆನಪಿಡಲಾರದು.

ಕಿವಿಯೂ ಹೀಗೆಯೇ. ಮೇಲಾಗಿ ಅದಕ್ಕೆ ಇನ್ನೊಂದು ಸ್ವಭಾವವುಂಟು: ರೂಢಿಯಾಗುವುದು. ಹೆಂಡತಿ ಮಕ್ಕಳು ದಿನವೂ ಕೇಳಿ ಕೇಳಿ, ತುಟಿಯ ಚಲನೆಯನ್ನು ನೋಡಿ, ಹಿಂದುಮುಂದಿನ ಸಂದರ್ಭದಿಂದ ಊಹಿಸಿ ತಿಳಿದುಕೊಳ್ಳುತ್ತಾರೆ. 'ಈಗ ಅವರ ಮಾತು ಎಷ್ಟೋ ಸುಧಾರಿಸಿದೆ' ಎನ್ನುತ್ತಾರೆ. ಸುಧಾರಿಸಿದ್ದು ಮಾತೋ ಅವರ ಕಿವಿಯೋ ಹೇಳುವುದು ಕಷ್ಟ. ಅದೇ ಮನುಷ್ಯನು ರಿಕ್ಷಾದವನಿಗೆ ಪೇಟೆಯ ಹೆಸರು ಹೇಳಿದರೆ ತಿಳಿಯದು. ನಮ್ಮ ವಾಚನಾಲಯದಲ್ಲಿ ಹಿಂದೆ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿ ನಾಲ್ಕು ಜನಕ್ಕೆ ಹೇಳುತ್ತಿದ್ದ ಹಿರಿಯರೊಬ್ಬರು ಶಸ್ತ್ರಕ್ರಿಯೆಯಾದ ಬಳಿಕ ಮೂಲೆಯ ಕುರ್ಚಿ ಹಿಡಿದಿದ್ದಾರೆ. ಏನು ಕೇಳಿದರೂ ಚೀಟಿಯಲ್ಲಿ ಬರೆದು ಉತ್ತರಿಸುತ್ತಾರೆ. ಮನೆಯಲ್ಲಿ ಮಾತ್ರ ಮಾತನಾಡುತ್ತಾರಂತೆ. ಮನೆಯವರ ಕಿವಿಗೆ ಸಾಕಾದ ಮಾತು ಊರಿಗೆ ಸಾಲದು ಎಂಬುದನ್ನು ಅವರೇ ಮೊದಲು ಅರಿತಂತಿದೆ.

ಫೋನಿನಲ್ಲಂತೂ ಈ ಕಷ್ಟ ಇಮ್ಮಡಿ. ಹಳೆಯ ಕ್ರಮದ ಟೆಲಿಫೋನು ಸುಮಾರು 300ರಿಂದ 3400 ಕಂಪನಗಳವರೆಗಿನ ನಾದವನ್ನು ಮಾತ್ರ ಸಾಗಿಸುತ್ತದೆ. 'ಸ'ದ ಕಸುವೆಲ್ಲ 4000ದ ಮೇಲೆ. ಆರೋಗ್ಯವಂತನ ಮಾತಿನಲ್ಲಿ ಉಳಿದ ಅಕ್ಷರಗಳು ಗಟ್ಟಿಯಾಗಿರುವುದರಿಂದ ಈ ನಷ್ಟ ಗೊತ್ತಾಗದು. ಮೊದಲೇ ಸೋರುವ ಮಾತಿಗೆ ಅದು ದೊಡ್ಡ ಪೆಟ್ಟು. ಮುಖ ಕಾಣದಿರುವುದು ಮತ್ತೊಂದು.

ಅಳತೆಯ ಸಾಧನಗಳು

ನಾದವನ್ನು ಚಿತ್ರವಾಗಿ ಬರೆಯುವ ಯಂತ್ರವನ್ನು 1940ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಮಾಡಿದರು. ಅಡ್ಡಗೆರೆಯಲ್ಲಿ ಹೊತ್ತು, ನೆಟ್ಟಗೆರೆಯಲ್ಲಿ ಕಂಪನಗಳ ಸಂಖ್ಯೆ, ಕಪ್ಪು ಹೆಚ್ಚಿದಲ್ಲಿ ನಾದದ ಬಲ ಹೆಚ್ಚು. ಇದಕ್ಕೆ ಸ್ಪೆಕ್ಟ್ರೋಗ್ರಾಂ ಎನ್ನುತ್ತಾರೆ, ನಾವು ಧ್ವನಿಚಿತ್ರವೆನ್ನೋಣ. ಅಂದು ಕೋಣೆಯ ಮೂಲೆ ಹಿಡಿಯುತ್ತಿದ್ದ ಈ ಯಂತ್ರದ ಕೆಲಸವನ್ನು ಇಂದು ಸಾಧಾರಣ ಕಂಪ್ಯೂಟರಿನಲ್ಲಿ ಮಾಡಬಹುದು. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು ಬರೆದ 'ಪ್ರಾಟ್' ಎಂಬ ತಂತ್ರಾಂಶ ಯಾರಿಗೆ ಬೇಕಾದರೂ ಪುಕ್ಕಟೆಯಾಗಿ ಸಿಗುತ್ತದೆ.

ಧ್ವನಿಚಿತ್ರದಲ್ಲಿ ಫಾರ್ಮೆಂಟುಗಳು ದಪ್ಪ ಕಪ್ಪು ಪಟ್ಟಿಗಳಾಗಿ ಕಾಣುತ್ತವೆ. ಪ್ಲೇಟಿಲ್ಲದೆ ಮಾತನಾಡಿದಾಗ ಮೂಗಿನ ಕೋಣೆಯೂ ಸೇರಿಕೊಳ್ಳುವುದರಿಂದ 250-300ರ ಸುತ್ತ ಹೊಸದೊಂದು ಗುಂಜಾರವ ಹುಟ್ಟುತ್ತದೆ, ಮೊದಲನೆಯ ಪಟ್ಟಿ ಹರಡಿ ಮಂಕಾಗುತ್ತದೆ, ಕೆಲವು ಮಟ್ಟಗಳು ಅಳಿಸಿದಂತೆ ಬಿಳಿದಾಗುತ್ತವೆ. ಮೊದಲು ಹೇಳಿದ ತ್ರಿಕೋಣ ಮುದುಡಬಹುದು. ಪ್ಲೇಟು ಹಾಕಿದ ಮೇಲೆ ಅದೇ ಅಕ್ಷರಗಳನ್ನು ಹೇಳಿಸಿ ಎರಡು ಚಿತ್ರಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟರೆ ಎಷ್ಟು ಮರಳಿ ಬಂದಿದೆ, ಎಷ್ಟು ಬಾಕಿಯಿದೆ ಎಂಬುದು ಜಮಾ ಖರ್ಚಿನಂತೆ ಕಾಣುತ್ತದೆ. ಪ, ತ, ಕಗಳ ಸಿಡಿತ ಈ ಚಿತ್ರದಲ್ಲಿ ನೆಟ್ಟಗೆ ನಿಂತ ತೆಳು ಗೆರೆ. ಒತ್ತಡ ಸೋರಿದರೆ ಆ ಗೆರೆ ಮಾಸುತ್ತದೆ. 'ಸ'ದ ಕಪ್ಪು ಮೇಲಿರಬೇಕಾದದ್ದು ಕೆಳಗಿಳಿದಿದ್ದರೆ ಅದು 'ಶ'ದ ಕಡೆ ಹೊರಳಿದೆಯೆಂದು ಅರ್ಥ. ಮುಂಭಾಗದಲ್ಲಿ ಪ್ಲೇಟು ದಪ್ಪವಾಗಿದೆಯೋ ಹಲ್ಲುಗಳ ಜೋಡಣೆ ತಪ್ಪಿದೆಯೋ ನೋಡಬೇಕು.

ಎರಡನೆಯ ಸಾಧನ ಮೂಗಿನ ನಾದವನ್ನು ಅಳೆಯುವಂಥದು. ಇದರ ಮೂಲ ರೂಪವನ್ನು ಅಮೆರಿಕದ ಸ್ಯಾಮ್ಯುಯೆಲ್ ಫ್ಲೆಚರ್ 1970ರಲ್ಲಿ ಪ್ರಕಟಿಸಿದನು. ಈಗ ಅದಕ್ಕೆ ನೇಸೋಮೀಟರ್ ಎಂಬ ಹೆಸರು. ಮೂಗು ಮತ್ತು ತುಟಿಯ ನಡುವೆ ಒಂದು ಅಡ್ಡ ಹಲಗೆ, ಅದರ ಮೇಲೊಂದು ಕೆಳಗೊಂದು ಮೈಕು. ಮೂಗಿನಿಂದ ಬಂದ ನಾದವನ್ನು ಒಟ್ಟು ನಾದದಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಮೂಗಿನಿಂದ 30, ಬಾಯಿಯಿಂದ 70 ಪಾಲು ಬಂದರೆ ಲೆಕ್ಕ 30. ಆರೋಗ್ಯವಂತರಲ್ಲಿ ಇಂಗ್ಲಿಷಿನಲ್ಲಿ ಮಾಡಿದ ಅಳತೆಗಳಂತೆ ಅನುನಾಸಿಕವಿಲ್ಲದ ಪಾಠಕ್ಕೆ 15ರ ಸುಮಾರು, ಅನುನಾಸಿಕವೇ ತುಂಬಿದ ವಾಕ್ಯಕ್ಕೆ 60ರ ಸುಮಾರು ಬರುತ್ತದೆ. ಎರಡನ್ನೂ ಅಳೆಯುವುದಕ್ಕೆ ಕಾರಣವಿದೆ. ಪ್ಲೇಟಿನ ಉಬ್ಬು ಚಿಕ್ಕದಾದರೆ ಮೊದಲನೆಯ ಅಂಕಿ ಏರುತ್ತದೆ, ಭಾವ ಮಾವನಾಗುತ್ತಾನೆ. ಅತಿ ದೊಡ್ಡದಾಗಿ ಮೂಗಿನ ದಾರಿಯನ್ನೇ ಕಟ್ಟಿಬಿಟ್ಟರೆ ಎರಡನೆಯ ಅಂಕಿ ಇಳಿಯುತ್ತದೆ. ನೆಗಡಿಯಾದವನ ಹಾಗೆ ಮಾವನೇ ಭಾವನಾಗುತ್ತಾನೆ. ಮೇಣವನ್ನು ಸೇರಿಸಬೇಕೋ ಕೆರೆಯಬೇಕೋ ಎಂಬುದಕ್ಕೆ ಈ ಎರಡಂಕಿಗಳು ದಾರಿ ತೋರುತ್ತವೆ.

ಮೂರನೆಯದು ಬಲು ಅಗ್ಗದ ಉಪಾಯ. 1870ರ ದಶಕದಲ್ಲಿ ಲಂಡನ್ನಿನ ದಂತವೈದ್ಯ ಓಕ್ಲಿ ಕೋಲ್ಸ್ ಇದನ್ನು ಬಳಸಿದನು. ಪ್ಲೇಟಿನ ತಳಕ್ಕೆ ತೆಳುವಾಗಿ ಪುಡಿಯನ್ನು ಉದುರಿಸಿ ಒಂದೇ ಒಂದು ಅಕ್ಷರವನ್ನು ಹೇಳಿಸಿ ಕೂಡಲೇ ಹೊರತೆಗೆಯುವುದು. ನಾಲಗೆ ತಗುಲಿದಲ್ಲಿ ಪುಡಿ ಅಳಿಸಿರುತ್ತದೆ. 'ತ'ಕ್ಕೆ ಹಲ್ಲಿನ ಹಿಂದೆ, 'ಟ'ಕ್ಕೆ ಇನ್ನೂ ಮೇಲೆ, 'ಚ'ಕ್ಕೆ ಅಗಲವಾಗಿ ಗುರುತು ಬೀಳಬೇಕು. ಬೀಳದಿದ್ದಲ್ಲಿ ಪ್ಲೇಟಿನ ಮೈಯನ್ನು ತಿದ್ದಬೇಕು.

ಕನ್ನಡದವರನ್ನು ಕನ್ನಡದಲ್ಲಿಯೇ ಅಳೆಯಬೇಕು

ನಮ್ಮ ಸಂಘದ ಓದುಗರಿಗೆ ಮುಖ್ಯವಾಗಿ ಹೇಳಬೇಕಾದ ಮಾತು ಇದು. ಪುಣೆಯ ದವಾಖಾನೆಗಳಲ್ಲಿ ಕೇಳುವುದು ಮರಾಠಿ, ಇಲ್ಲವೆ ಹಿಂದಿ. ನಮ್ಮವರು ಎರಡನ್ನೂ ಆಡಬಲ್ಲರು. ಆದುದರಿಂದ ಮರಾಠಿಯ ಪದಪಟ್ಟಿಯನ್ನು ಓದಿಸಿ ಅಳತೆ ಮುಗಿಸುವುದುಂಟು. ಇದರಲ್ಲಿ ತೊಡಕಿದೆ. ಮರಾಠಿಯ 'ಚ'ಕಾರಕ್ಕೆ ಎರಡು ಉಚ್ಚಾರಗಳುಂಟು; ಒಂದು ನಮ್ಮ 'ಚ'ದಂತೆ, ಇನ್ನೊಂದು ಹಲ್ಲಿಗೆ ತಾಗಿಸಿ ಆಡುವಂಥದು. ಗದಗಿನಿಂದಲೋ ಕಲಬುರ್ಗಿಯಿಂದಲೋ ಬಂದವರು ಎರಡನೆಯದನ್ನು ದವಡೆ ಗಟ್ಟಿಯಿದ್ದಾಗಲೂ ಸರಿಯಾಗಿ ಆಡಿರಲಿಕ್ಕಿಲ್ಲ. ಆ ತಪ್ಪನ್ನು ಪ್ಲೇಟಿನ ಖಾತೆಗೆ ಬರೆದರೆ ಪ್ಲೇಟನ್ನು ವೃಥಾ ಕೆರೆಯುವಂತಾದೀತು. ಅದರಂತೆ ಕನ್ನಡಕ್ಕೆ ಬೇಕಾದ ಹ್ರಸ್ವ ದೀರ್ಘಗಳ ಮತ್ತು ಒತ್ತಕ್ಷರಗಳ ಪರೀಕ್ಷೆ ಬೇರೆ ಭಾಷೆಯ ಪಟ್ಟಿಯಲ್ಲಿ ಪೂರಾ ಆಗದೆ ಉಳಿಯಬಹುದು.

ಮೂರ್ಧನ್ಯಗಳ ವಿಷಯ ವಿಶೇಷವಾದುದು. ಟ, ಡ, ಣ, ಳ ಇವುಗಳಿಗೆ ನಾಲಗೆಯ ತುದಿ ಮೇಲೆ ಮಡಚಿ ಗಟ್ಟಿ ಅಂಗುಳಕ್ಕೆ ತಾಗಬೇಕು. ಪ್ಲೇಟು ಕುಳಿತುಕೊಳ್ಳುವುದೂ ಅಲ್ಲಿಯೇ. ಇಂಗ್ಲಿಷಿನಲ್ಲಿ 'ಳ' ಇಲ್ಲ. ಆ ಭಾಷೆಯ ಪಟ್ಟಿಯನ್ನು ಅನುಸರಿಸಿ ತಿದ್ದಿದ ಪ್ಲೇಟಿನಲ್ಲಿ ನಮ್ಮ ಹುಳಿ ಹುಲಿಯಾದರೂ ಯಾರ ಲೆಕ್ಕಕ್ಕೂ ಬಾರದು.

ಕನ್ನಡದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕನ್ನಡ ಉಚ್ಚಾರಣೆಯ ಪರೀಕ್ಷೆಯೊಂದು ಅಲ್ಲಿಂದ 1972ರಲ್ಲಿಯೇ ಹೊರಬಂದಿತು. ಪುಣೆಯಲ್ಲಿಯೂ ಭಾರತೀ ವಿದ್ಯಾಪೀಠದಲ್ಲಿ ವಾಕ್ ಶ್ರವಣಗಳ ಶಿಕ್ಷಣ ವಿಭಾಗವಿದೆ. ದಂತ ಮಹಾವಿದ್ಯಾಲಯಗಳಲ್ಲಿ ಕೃತಕ ದಂತಗಳ ವಿಭಾಗಗಳಿವೆ. ಪ್ಲೇಟು ಮಾಡುವವರನ್ನೂ ಮಾತು ಅಳೆಯುವವರನ್ನೂ ಒಟ್ಟುಗೂಡಿಸಿ 'ನಮ್ಮ ತಾಯ್ನುಡಿ ಕನ್ನಡ' ಎಂದು ಹೇಳುವ ಕೆಲಸ ರೋಗಿಯ ಕಡೆಯವರದು.

ಮನೆಯವರು ಮಾಡತಕ್ಕ ಕೆಲಸ

1. ಶಸ್ತ್ರಕ್ರಿಯೆಯ ದಿನ ಗೊತ್ತಾದ ಕೂಡಲೆ, ಅದಕ್ಕೆ ಮೊದಲೇ, ರೋಗಿಯ ಮಾತನ್ನು ಐದು ನಿಮಿಷ ಮುದ್ರಿಸಿಡಿರಿ. ಮುಂದಿನ ಎಲ್ಲ ಅಳತೆಗೂ ಇದೇ ಆರಂಭದ ಶಿಲ್ಕು. ಗಾಬರಿಯ ದಿನಗಳಲ್ಲಿ ಇದನ್ನು ಯಾರೂ ನೆನೆಯುವುದಿಲ್ಲ. ಆ ಹೊತ್ತು ಕಳೆದರೆ ಮತ್ತೆ ಸಿಗುವುದೂ ಇಲ್ಲ.

2. ತರುವಾಯ ಪ್ಲೇಟು ಹಾಕಿ ಒಮ್ಮೆ, ತೆಗೆದು ಒಮ್ಮೆ, ಅದೇ ಪದಗಳನ್ನು ಅದೇ ಕೋಣೆಯಲ್ಲಿ ಅದೇ ದೂರದಿಂದ ಮುದ್ರಿಸಿರಿ. ಗಾಯ ಮಾಯುವ ಮೊದಲು ಪ್ಲೇಟನ್ನು ವೈದ್ಯರ ಅಪ್ಪಣೆಯಿಲ್ಲದೆ ತೆಗೆಯಬಾರದು. ಪಂಖಾ ನಿಲ್ಲಿಸಿರಿ. ಫೋನಿನ ಕರೆಯಲ್ಲಿ ಮುದ್ರಿಸಿದ್ದು ಅಳತೆಗೆ ಬಾರದು.

3. ಪದಗಳು ಜೋಡಿಯಾಗಿರಲಿ: ಬರ-ಮರ, ಬಾತು-ಮಾತು, ದಾಟು-ನಾಟು, ಕಾಡು-ಕಾಣು, ಕಟ್ಟು-ಕತ್ತು, ಹುಳಿ-ಹುಲಿ, ಸಾಲು-ಶಾಲು, ಕತೆ-ಕತ್ತೆ, ಬಳೆ-ಬಾಳೆ. ಜತೆಗೆ ಅನುನಾಸಿಕವಿಲ್ಲದ ಒಂದು ವಾಕ್ಯ: 'ಅಪ್ಪ ಪೇಟೆಗೆ ಹೋಗಿ ದಪ್ಪ ಬಟ್ಟೆ ತರುತ್ತಾರೆ.' ಅನುನಾಸಿಕ ತುಂಬಿದ ಇನ್ನೊಂದು: 'ನಮ್ಮ ನಿಂಗಮ್ಮ ಮಣ್ಣಿನ ಮನೆಯ ಅಂಗಳದಂಚಿನಲ್ಲಿ ನಿಂತಳು.'

4. ಪದಗಳನ್ನು ಹಿಂದುಮುಂದಾಗಿ ಬೆರೆಸಿ ಓದಿಸಿ, ಪರಿಚಯವಿಲ್ಲದ ಕನ್ನಡಿಗರೊಬ್ಬರಿಗೆ ಕೇಳಿಸಿ, ಕೇಳಿದಂತೆ ಬರೆಯಲು ಹೇಳಿರಿ. ಧ್ವನಿಚಿತ್ರ ಎಷ್ಟೇ ಸೊಗಸಾಗಿರಲಿ, ಅಪರಿಚಿತನಿಗೆ ಎಷ್ಟು ಪದ ತಿಳಿಯಿತೆಂಬುದೇ ಕೊನೆಯ ತೀರ್ಪು. ಎಲ್ಲಿ ಹರಿದಿದೆಯೆಂದು ತೋರಿಸುವುದು ಯಂತ್ರದ ಕೆಲಸ. ಅರ್ಥವನ್ನು ಅದು ಅಳೆಯದು.

5. ಒಮ್ಮೆ ಕುಳಿತ ಪ್ಲೇಟು ಸದಾ ಕುಳಿತಿರುವುದೆಂದು ಭಾವಿಸಬೇಡಿರಿ. ತಿಂಗಳುಗಳು ಕಳೆದಂತೆ ಒಳಗಿನ ಮಾಂಸ ಕುಗ್ಗುತ್ತದೆ. ವಿಕಿರಣ ಚಿಕಿತ್ಸೆಯಾದವರಿಗೆ ಬಾಯಿ ತೆರೆಯುವುದೇ ಕಡಿಮೆಯಾಗಬಹುದು. ಮಾತು ಮತ್ತೆ ಮೂಗಿಗೆ ಹೊರಳಿದರೆ ಮುದ್ರಿಸಿದ್ದನ್ನು ತೆಗೆದುಕೊಂಡು ವೈದ್ಯರ ಬಳಿ ಹಿಂತಿರುಗಿರಿ. 'ಏನೋ ಸರಿಯಿಲ್ಲ' ಎನ್ನುವುದಕ್ಕಿಂತ 'ಬ, ದ ಹೋಗಿವೆ. ಆರು ತಿಂಗಳ ಹಿಂದೆ ಇದ್ದುವು' ಎಂದರೆ ಅವರಿಗೆ ಕೆಲಸ ಸುಲಭ.

6. ಅವರು ಮಾತನಾಡುವಾಗ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿರಿ. ನಾಲಗೆ ಹೊಸ ಮಾಳಿಗೆಗೆ ಹೊಂದಿಕೊಳ್ಳುವುದು ಆಡಿ ಆಡಿಯೇ.

'ಜೀವ ಉಳಿಯಿತಲ್ಲ, ಮಾತು ಹೇಗಿದ್ದರೇನು' ಎನ್ನುವವರಿದ್ದಾರೆ. ಅಂಗಡಿಯಲ್ಲಿ ಬೇಕಾದುದನ್ನು ಕೇಳಲು, ಕೆಲಸದ ಜಾಗದಲ್ಲಿ ಹಾಜರಿ ಹೇಳಲು, ಮೊಮ್ಮಗನನ್ನು ಹೆಸರು ಹಿಡಿದು ಕರೆಯಲು ಹಿಂಜರಿಯುವ ಮನುಷ್ಯನಿಗೆ ಉಳಿದ ಜೀವ ಅರ್ಧವೇ. ಉಳಿದರ್ಧವನ್ನು ಮರಳಿ ಪಡೆಯುವ ಸಾಧನ ಇದೆ, ಅದನ್ನು ಒಪ್ಪವಾಗಿ ಕೂರಿಸುವ ಅಳತೆಯೂ ಇದೆ. ಮೇಲಿನ ಪದಪಟ್ಟಿಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. ಕೇಳಿ ಬರೆಯುವ ಅಪರಿಚಿತರು ಬೇಕಾದರೆ, ರವಿವಾರ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಸ್ವಯಂಸೇವಕರಾದ ನಮ್ಮಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತೇವೆ.